ಜಾಮೀನುದಾರರ ಪ್ರತಿ

ಹೋದ ವಾರ ಕೊಪ್ಪದಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟದ ಹಾಲ್‌ನಲ್ಲಿ ಜಾಗ ಸಾಲದೆ ಕಲ್ಯಾಣ ಮಂಟಪದ ಹಿಂದೆ ಒಂದು ಹಳೇ ಶಾಮಿಯಾನ ಬಿಚ್ಚುತ್ತಿದ್ದರು. ಮಡಿಕೆ ಬಿಡಿಸಿದ ಕೂಡಲೇ ಆ ವಾಸನೆ ಬಂತು. ಮುಗ್ಗಲು ಬಟ್ಟೆ, ಇಲಿ ಹಿಕ್ಕೆ, ಸೌದೆ ಹೊಗೆ, ಯಾವತ್ತೋ ಚೆಲ್ಲಿದ ಸಾರು. ಪಕ್ಕದಲ್ಲಿದ್ದವರು ಮೂಗು ಮುಚ್ಚಿಕೊಂಡರು. ಮೂವತ್ತು ವರ್ಷ ಆ ವಾಸನೆಯಲ್ಲೇ ಅನ್ನ ತಿಂದವನು ನಾನು. ಆದರೆ ಅವತ್ತು ಒಂದು ಕುರ್ಚಿ ಎಳೆದುಕೊಂಡು ಕೂತುಬಿಟ್ಟೆ. ಎರಡು ವರ್ಷದ ಹಿಂದಿನ ಬೇಸಿಗೆ ನೆನಪಾಯಿತು. ಶಿವರಾತ್ರಿಯಿಂದ ಬಸವ ಜಯಂತಿವರೆಗೆ ನಾನು ಸರಿಯಾಗಿ ಉಸಿರು ಬಿಡದೆ ಕಳೆದ ಬೇಸಿಗೆ ಅದು.

ನರಸಿಂಹರಾಜಪುರದಲ್ಲಿ ನನ್ನದು ಶಾಮಿಯಾನ, ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ ಇತ್ತು. ನನ್ನ ಅಂಗಡಿಗೆ ಎರಡು ಬಾಗಿಲು ಆಚೆ ಬಾಷಾನ ಮೈಕ್ ಸೆಟ್ ಅಂಗಡಿ. ಮುತ್ತಿನಕೊಪ್ಪದ ಗೃಹಪ್ರವೇಶವಿರಲಿ, ಶೃಂಗೇರಿ ಕಡೆಯ ಮದುವೆಯಿರಲಿ, ಒಂದೇ ಗಾಡಿಯಲ್ಲಿ ನನ್ನ ಕಂಬ, ಕೊಪ್ಪರಿಗೆ, ಅವನ ಹಾರನ್ನು, ಪೆಟ್ಟಿಗೆ ಎಲ್ಲ ಹೋಗುತ್ತಿದ್ದವು. ಹೊಸ ಶಾಮಿಯಾನ, ದೊಡ್ಡ ಪಾತ್ರೆಗಳಿಗೆಂದು ನಾನು ಬ್ಯಾಂಕಿನಲ್ಲಿ ಸಾಲ ಮಾಡಿದಾಗ ಜಾಮೀನಿಗೆ ಒಬ್ಬರು ಬೇಕೆಂದರು. ಬಾಷಾ ಕಾಗದ ಓದಲೂ ಇಲ್ಲ. "ನೀನು ಕಂಬ ನೆಟ್ರೆ ತಾನೇ ರುದ್ರಣ್ಣ, ನಾನು ಅದಕ್ಕೆ ಹಾರನ್ ಕಟ್ಟೋದು" ಎಂದು ನಗುತ್ತ ಸಹಿ ಹಾಕಿದ.

ನಾನು ಸೋತು ಕೈಚೆಲ್ಲಿದವನಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ವ್ಯಾಪಾರ ಚೆನ್ನಾಗಿಯೇ ಇತ್ತು. ನಾಲ್ಕು ವರ್ಷ ಕಂತು ಕಟ್ಟಿದೆ. ಆಮೇಲೆ ಚುನಾವಣೆ ಬಂತು, ಸಾಲ ಮನ್ನಾ ಆಗುತ್ತದೆ ಎಂಬ ಮಾತು ಬಂತು. ಮನ್ನಾ ಆಗುವುದು ಬೆಳೆ ಸಾಲ, ನನ್ನದು ಅಂಗಡಿ ಸಾಲ. ಆದರೂ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ದಿನಾ ಸಂಜೆ ಕೂರುವವರು, "ಕಟ್ಟೋನು ಪೆದ್ದ ಮಾರಾಯ, ಬಿಡೋವಾಗ ಎಲ್ಲಾ ಒಟ್ಟಿಗೆ ಬಿಡ್ತಾರೆ" ಎಂದರು. ನನಗೆ ಆ ಮಾತು ಬೇಕಾಗಿತ್ತು. ಕಂತು ನಿಲ್ಲಿಸಿದೆ. ಆ ದುಡ್ಡನ್ನು ಚೀಟಿಗೆ ಹಾಕಿದೆ. ಮನೆ ಮೇಲೆ ಒಂದು ಕೋಣೆ ಕಟ್ಟಿಸಿದೆ. ಮನ್ನಾ ನನ್ನ ಬಾಗಿಲಿಗೆ ಬರಲಿಲ್ಲ, ನೋಟೀಸು ಬಂತು.

ಎರಡು ವರ್ಷ ಆಟ ಆಡಿಸಿದ ಮೇಲೆ ಬ್ಯಾಂಕಿನವರೇ ರಾಜಿ ಮಾಡಿಕೊಳ್ಳಲು ಕರೆದರು. ಅವತ್ತು ನಾನು ಪೆಟ್ಟಿಗೆಯಡಿಯಿಂದ ತೇಪೆ ಹಾಕಿದ ಒಂದು ಅಂಗಿ ಹುಡುಕಿ ತೆಗೆದು ಹಾಕಿಕೊಂಡು ಹೋದೆ. ಗಡ್ಡ ಕೆರೆದಿರಲಿಲ್ಲ. ಮಾತಾಡುವಾಗ ಎರಡು ಸಲ ಕೆಮ್ಮಿದೆ. ಬಡ್ಡಿ ಪೂರ್ತಿ, ಅಸಲಿನಲ್ಲಿ ಒಂದು ದೊಡ್ಡ ಪಾಲು ಬಿಟ್ಟರು. ಉಳಿದದ್ದು ಕಟ್ಟಿ ರಸೀದಿ ಹಿಡಿದು ಮನೆಗೆ ಬಂದವನು ಆ ಸಾಲದಲ್ಲೇ ತಂದಿದ್ದ ತಾಮ್ರದ ಕೊಪ್ಪರಿಗೆಯಲ್ಲಿ ಪಾಯಸ ಮಾಡಿಸಿ ಬೀದಿಗೆಲ್ಲ ಬಡಿಸಿದೆ. ಬಾಷಾ ಪುಕ್ಕಟೆ ಮೈಕ್ ಹಾಕಿದ. ನನ್ನ ಪಕ್ಕ ಕೂತು ಪಾಯಸ ಕುಡಿಯುತ್ತ, "ನಂಗೂ ನೆಮ್ಮದಿ ಆಯ್ತು ರುದ್ರಣ್ಣ. ನಮ್ಮನೇಗೂ ನೋಟೀಸ್ ಬರ್ತಿತ್ತು" ಎಂದ. ಎರಡು ವರ್ಷದಿಂದ ಬರುತ್ತಿತ್ತಂತೆ. ಒಂದು ದಿನವೂ ನನ್ನ ಹತ್ತಿರ ಅದರ ಸುದ್ದಿ ಎತ್ತಿರಲಿಲ್ಲ.

ಮುಂದಿನ ಮಳೆಗಾಲದಲ್ಲಿ ಅವನ ಅಂಗಡಿಯ ಮಾಲೀಕ ಅಂಗಡಿ ಮಾರುತ್ತೇನೆ ಎಂದ. ಇಪ್ಪತ್ತೈದು ವರ್ಷ ಬಾಡಿಗೆಗಿದ್ದ ಬಾಷಾನಿಗೇ ಮೊದಲ ಮಾತು. ಬಾಷಾ ಬ್ಯಾಂಕಿಗೆ ಹೋದ. ಜಾಮೀನು ಹಾಕಿದ ಸಾಲ ಕೆಟ್ಟಿದೆ, ನಿಮಗೆ ಕೊಡಲಾಗದು ಎಂದರಂತೆ. ಮಾರನೇ ದಿನ ಬೆಳಿಗ್ಗೆ ನಮ್ಮ ಮನೆಗೆ ಬಂದ. ಅವನು ಗೇಟು ತೆಗೆದದ್ದು ಕಿಟಕಿಯಿಂದ ಕಾಣಿಸಿತು. ನಾನು ಎದ್ದು ದೇವರ ಕೋಣೆಗೆ ಹೋದೆ. ಹೆಂಡತಿ ಗೌರಮ್ಮನಿಗೆ ಕೈಸನ್ನೆ ಮಾಡಿದೆ.

"ರುದ್ರಣ್ಣ ಇಲ್ವಾ ಅಕ್ಕಾ? ಬ್ಯಾಂಕಿಗೆ ಬಂದು ಒಂದು ಮಾತು ಹೇಳಿದ್ರೆ ಸಾಕಿತ್ತು" ಎಂದ ಬಾಷಾ.

"ಅವರು ಮನೇಲಿಲ್ಲ" ಎಂದಳು ಗೌರಮ್ಮ.

ನನ್ನ ಚಪ್ಪಲಿ ಮೆಟ್ಟಿಲ ಹತ್ತಿರವೇ ಇತ್ತು. ನನಗಿದ್ದದ್ದು ಅದೊಂದೇ ಜೊತೆ ಎಂದು ಅವನಿಗೆ ಗೊತ್ತು. ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಅವನು ಒಂದು ಗಳಿಗೆ ಚಪ್ಪಲಿ ನೋಡಿದ. ಹೊರಗೆ ಹನಿ ಜೋರಾಗುತ್ತಿತ್ತು. ಬಗ್ಗಿ, ಎರಡನ್ನೂ ಎತ್ತಿ, ನೆನೆಯದಂತೆ ಒಳಗೆ ಗೋಡೆ ಬದಿಗೆ ಇಟ್ಟು, ಕೊಡೆ ಬಿಚ್ಚಿಕೊಂಡು ಹೋದ.

ಅಂಗಡಿ ಬೇರೆಯವರಿಗೆ ಹೋಯಿತು. ಬಾಷಾ ಮನೆ ಜಗಲಿಯಲ್ಲೇ ಮೈಕು, ಮಿಕ್ಸಿ ರಿಪೇರಿ ಮಾಡಲು ಕೂತ. ನನ್ನ ಗಾಡಿಗೆ ಅವನ ಪೆಟ್ಟಿಗೆ ಮತ್ತೆ ಬರಲಿಲ್ಲ.

ಬಾಷಾ ನಮ್ಮ ಮನೆಗೆ ಬಂದು ಹೋದ ದಿನವೇ ಗೌರಮ್ಮ ಅರಿಸಿನ ಹಚ್ಚಿದ ಬಟ್ಟೆಯಲ್ಲಿ ಒಂದು ನಾಣ್ಯ ಕಟ್ಟಿ ದೇವರ ಮುಂದೆ ತಪ್ಪು ಕಾಣಿಕೆ ಇಟ್ಟಳು. ನಮ್ಮ ಕಡೆ ತಿಳಿದೋ ತಿಳಿಯದೆಯೋ ತಪ್ಪು ನಡೆದರೆ ಹಾಗೆ ಕಟ್ಟಿಟ್ಟು, ಅನುಕೂಲವಾದಾಗ ದೇವಸ್ಥಾನಕ್ಕೆ ಒಪ್ಪಿಸುತ್ತೇವೆ. ದಿನಾ ಪೂಜೆಗೆ ಕೂತಾಗ ಆ ಹಳದಿ ಗಂಟು ಕಾಣುತ್ತಿತ್ತು. ನಾನು ಮಾಡಿದ್ದಕ್ಕೂ ಅದರಲ್ಲೇ ಸೇರಿತು ಎಂದುಕೊಂಡು ಕೈ ಮುಗಿಯುತ್ತಿದ್ದೆ. ಐದು ವರ್ಷ ಹಾಗೇ ಅಂದುಕೊಂಡೆ. ಬಾಷಾನ ಮನೆ ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ.

ಆಮೇಲೆ ಎಲ್ಲರೂ ಕಲ್ಯಾಣ ಮಂಟಪ ಹಿಡಿದರು. ಕುರ್ಚಿ, ಪಾತ್ರೆ ಎಲ್ಲ ಅಲ್ಲೇ ಸಿಗುತ್ತವೆ. ನನ್ನ ಕಂಬಗಳಿಗೆ ತುಕ್ಕು ಹಿಡಿಯಿತು. ಮಗಳು ಗಿರಿಜಾ ಗಂಡ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದಳು. ಸಂತೆ ರಸ್ತೆಯಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದ ಶೇಷಪ್ಪನಿಗೆ ಮೊಣಕಾಲು ಹೋಗಿ, ಗಿರಣಿ ಕೊಟ್ಟುಬಿಡುತ್ತೇನೆ ಎಂದಾಗ ಅವಳ ಮುಖಕ್ಕೆ ಎಷ್ಟೋ ದಿನದ ಮೇಲೆ ಕಳೆ ಬಂತು. ಎರಡು ತಿಂಗಳು ಅಲ್ಲೇ ಹೋಗಿ ಕೆಲಸ ಕಲಿತಳು. ಕೂದಲು, ಹುಬ್ಬು ಎಲ್ಲ ಬೆಳ್ಳಗೆ ಮಾಡಿಕೊಂಡು ಬರುತ್ತಿದ್ದಳು. ಬಾಳೆಹೊನ್ನೂರಿನವರೊಬ್ಬರು ಕೇಳುತ್ತಿದ್ದಾರೆ, ಬಸವ ಜಯಂತಿವರೆಗೆ ನಿನಗಾಗಿ ಕಾಯುತ್ತೇನೆ, ಆಮೇಲೆ ನನ್ನ ಕೈಲಿಲ್ಲ ಎಂದ ಶೇಷಪ್ಪ.

ಶಿವರಾತ್ರಿಯ ಮಾರನೇ ವಾರ ಅಪ್ಪ ಮಗಳು ಬ್ಯಾಂಕಿಗೆ ಹೋದೆವು. ಮನೆ ಪತ್ರ ನನ್ನ ಹೆಸರಲ್ಲಿರುವುದರಿಂದ ಸಾಲಕ್ಕೆ ನಾನೂ ಜೊತೆಗೆ ಸಹಿ ಹಾಕಬೇಕಿತ್ತು. ಮ್ಯಾನೇಜರ್ ಧಾರವಾಡ ಕಡೆಯ ಹೆಣ್ಣುಮಗಳು, ಗಿರಿಜಾಗಿಂತ ಚಿಕ್ಕವಳು. ಕಂಪ್ಯೂಟರಿನಲ್ಲಿ ನನ್ನ ಹೆಸರು ಒತ್ತಿ ನೋಡಿದಳು.

"ಅಜ್ಜಾರ, ಮೊದಲೊಂದು ಸಾಲ ಇತ್ತಲ್ರೀ ನಿಮ್ದು?"

"ತೀರಿದೆ ತಾಯೀ. ಆರು ವರ್ಷ ಆಯ್ತು. ರಸೀದಿ ಇದೆ ಮನೇಲಿ."

"ತೀರಿಲ್ರೀ. ರಾಜಿ ಆಗೇತಿ. ಪೂರ್ತಿ ಕಟ್ಟಿದ್ದ ಬ್ಯಾರೆ, ಬಿಟ್ಟಿದ್ದ ಬ್ಯಾರೆ. ಇಲ್ಲಿ ಕೆಂಪಕ್ಷರದಾಗ ಕುಂತೇತಿ ನೋಡ್ರಿ." ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದಳು. "ಜಾಮೀನು ನಿಂತಾವ್ರ ಹೆಸರಿನ್ಯಾಗೂ ಇದ ಐತಿ. ಪಾಪ, ಅವ್ರು ಏನ್ ಮಾಡಿದ್ರೋ."

ಗಿರಿಜಾ ನನ್ನ ಕಡೆ ನೋಡಲಿಲ್ಲ. ಮೇಜಿನ ಮೇಲಿದ್ದ ತನ್ನ ಅರ್ಜಿಯ ಮೂಲೆ ಮಡಚಿಕೊಂಡಿತ್ತು, ಅದನ್ನೇ ನೇರ ಮಾಡುತ್ತ ಕೂತಳು.

ಅವತ್ತು ಬಿಟ್ಟ ಅಸಲನ್ನು ಈಗ ಕಟ್ಟಿದರೆ ಸಾಲ ಪೂರ್ತಿ ತೀರಿತು ಎಂದು ಬರೆದು ಕಳಿಸಬಹುದು, ದಾಖಲೆ ತಿದ್ದಿ ಬರಲು ಒಂದೂವರೆ ತಿಂಗಳಾದರೂ ಬೇಕು ಎಂದಳು ಮ್ಯಾನೇಜರ್. "ತಿದ್ದಿ ಬಂದ ಮ್ಯಾಲೂ ಸಾಲ ಕೊಡ್ತೀವಿ ಅಂತ ನಾ ಮಾತು ಕೊಡೂದಿಲ್ರೀ. ಮ್ಯಾಲಿನವರು ನೋಡ್ತಾರ."

ಗೌರಮ್ಮ ತನ್ನ ಬಳೆ ಬಿಚ್ಚಿ ಕೊಡಲು ಬಂದಳು. ಬೇಡವೆಂದೆ. ಪಾತ್ರೆಗಳನ್ನೆಲ್ಲ ಗಾಡಿಗೆ ತುಂಬಿಸಿಕೊಂಡು ಕೊಪ್ಪಕ್ಕೆ ಹೋದೆ. ಪಾತ್ರೆ ಅಂಗಡಿಯವನು ಕೊಪ್ಪರಿಗೆಯನ್ನು ಬೆರಳಲ್ಲಿ ತಟ್ಟಿ ನೋಡಿ, "ಇಷ್ಟು ದೊಡ್ಡದನ್ನ ಈಗ ಯಾರು ಒಲೆ ಮೇಲೆ ಇಡ್ತಾರೆ ಯಜಮಾನ್ರೆ? ಕರಗಿಸ್ಲಿಕ್ಕೆ ಅಷ್ಟೆ" ಎಂದ. ಅದರ ಕಂಠದ ಮೇಲೆ ನನ್ನ ಹೆಸರು ಕೊರೆಸಿದ್ದೆ. ತಕ್ಕಡಿಗೆ ಇಡುವಾಗ ಹೆಸರು ನನ್ನ ಕಡೆಗೇ ಇತ್ತು. ಪಾಯಸದ ದಿನ ಇದೇ ಕೊಪ್ಪರಿಗೆ ಪಕ್ಕ ನಿಂತು ಮೈಕಿನಲ್ಲಿ, "ಬ್ಯಾಂಕಿನವರ ಲೆಕ್ಕದಲ್ಲಿ ಎಲ್ಲರೂ ಎರಡೆರಡು ಸೌಟು ಹಾಕಿಸ್ಕಳಿ" ಎಂದು ನಾನು ನಗಿಸಿದ್ದು ನೆನಪಾಗಿ, ಅಂಗಡಿಯವನು ಕೊಟ್ಟದ್ದನ್ನು ಎಣಿಸದೆ ಜೇಬಿಗೆ ಹಾಕಿಕೊಂಡೆ. ಕಡಿಮೆ ಬಿದ್ದದ್ದಕ್ಕೆ ಕಂಬಗಳನ್ನೂ ಗುಜರಿಗೆ ಕೊಟ್ಟೆ.

ಹಣ ಕಟ್ಟಿದ ದಿನ ಮ್ಯಾನೇಜರ್ ಎರಡು ಲಕೋಟೆ ಮುಂದಿಟ್ಟಳು. "ಬಾಕಿ ಇಲ್ಲ ಅಂತ ಪತ್ರ. ಇದು ನಿಮ್ಮ ಪ್ರತಿ. ಇದು ಜಾಮೀನುದಾರರ ಪ್ರತಿ. ಅವ್ರಿಗೆ ಅಂಚೆಗೆ ಹಾಕಲ್ಯಾ, ನೀವ ಕೊಡ್ತೀರ್ಯಾ?"

ಅಂಚೆಗೆ ಹಾಕಿ ಎನ್ನಲು ಬಾಯಿ ತೆರೆದಿದ್ದೆ. ಗಿರಿಜಾ ಪಕ್ಕದಲ್ಲೇ ಇದ್ದಳು. "ನಾನೇ ಕೊಡ್ತೇನೆ" ಎಂದೆ.

ಅಲ್ಲಿಂದ ಶುರುವಾಯಿತು ಕಾಯುವುದು. ಮಾರ್ಚಿನ ಬಿಸಿಲಿಗೆ ಭದ್ರಾ ಹಿನ್ನೀರು ದಿನಾ ಅಷ್ಟಷ್ಟು ಹಿಂದೆ ಸರಿಯುತ್ತಿತ್ತು. ಮುಳುಗಿದ್ದ ಮರದ ಬೊಡ್ಡೆಗಳು ಒಂದೊಂದಾಗಿ ಕಾಣತೊಡಗಿದವು. ನಾನು ಬೆಳಿಗ್ಗೆ ಎದ್ದ ಕೂಡಲೇ ಗಿರಿಜಾಳ ಮುಖ ನೋಡುವುದು, ಅವಳು ಮೊಬೈಲ್ ನೋಡಿ ಇಲ್ಲ ಎಂದು ತಲೆ ಆಡಿಸುವುದು. ಫೋನ್ ಗುಂಯ್ ಎಂದರೆ ಕೈಯಲ್ಲಿದ್ದ ಲೋಟ ಕೆಳಗಿಟ್ಟು ಓಡುತ್ತಿದ್ದೆ. ಒಂದು ಸಲ ಗ್ಯಾಸಿನವರ ಮೆಸೇಜು, ಒಂದು ಸಲ ಯಾರೋ ಸೀರೆ ಅಂಗಡಿಯವರದು. ಶೇಷಪ್ಪ ಕೋಲೂರಿಕೊಂಡು ಬಂದು ಜಗಲಿ ಮೇಲೆ ಕೂತು, "ಏನಾಯ್ತು ರುದ್ರಪ್ಪಾ? ಬಾಳೆಹೊನ್ನೂರಿನೋರು ನಿನ್ನೇನೂ ಫೋನ್ ಮಾಡಿದ್ರು" ಎಂದು ಎದ್ದು ಹೋಗುತ್ತಿದ್ದ. ಯುಗಾದಿಯ ಹೋಳಿಗೆ ತಿನ್ನುವಾಗಲೂ ಕಿವಿ ಫೋನಿನ ಕಡೆಗೇ ಇತ್ತು. ಮೇಲಿನವರು ಬೇಡವೆಂದುಬಿಟ್ಟರೆ? ಒಬ್ಬ ಮುದುಕನ ತೇಪೆ ಅಂಗಿಗೆ ಈ ಮಗಳ ಹೊಟ್ಟೆಪಾಡು ಹೋಗಬೇಕೆ?

ಇನ್ನೊಂದು ಭಯ ಜೇಬಿನಲ್ಲಿತ್ತು. ಬಾಷಾನ ಲಕೋಟೆ. ದಿನಾ ಅಂಗಿ ಬದಲಾಯಿಸುವಾಗ ಹಳೇ ಅಂಗಿಯಿಂದ ತೆಗೆದು ಹೊಸ ಅಂಗಿಗೆ ಹಾಕಿಕೊಳ್ಳುತ್ತಿದ್ದೆ. ಬೆವರಿಗೆ ಅದರ ಅಂಚು ಮೆತ್ತಗಾಗಿತ್ತು. ಎರಡು ಸಲ ಅವನ ಮನೆ ತಿರುವಿನವರೆಗೆ ಹೋದೆ. ಒಂದು ಸಲ ಅಲ್ಲಿಂದ ಬಾಳೆಹಣ್ಣು ತಗೊಂಡು ವಾಪಸ್ ಬಂದೆ. ನಮ್ಮ ಸಾಲ ಮಂಜೂರಾಗಲಿ, ಆ ಸಂತೋಷದಲ್ಲಿ ಕೊಡುತ್ತೇನೆ ಎಂದು ದೇವರಿಗೇ ಹೇಳಿಕೊಂಡೆ. ಅವತ್ತು ಗೌರಮ್ಮ ಹೂ ಏರಿಸುತ್ತಿದ್ದವಳು ಹಳದಿ ಗಂಟನ್ನು ತೋರಿಸಿ, "ಇದು ನಾನು ಹೇಳಿದ ಸುಳ್ಳಿಗೆ ಕಟ್ಟಿದ್ದು. ನಿಮ್ಮದಕ್ಕೆ ಕಟ್ಟಿದ್ದಲ್ಲ. ನಿಮ್ದು ನೀವು ನೋಡ್ಕಳಿ" ಎಂದಳು. ಐದು ವರ್ಷ ಕೈ ಮುಗಿದದ್ದು ಸುಮ್ಮನೆ ಹೋಯಿತು.

ಬಸವ ಜಯಂತಿಗೆ ಐದು ದಿನ ಇರುವಾಗ ಮ್ಯಾನೇಜರೇ ಫೋನ್ ಮಾಡಿದಳು. ಗಿರಿಜಾ ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದಳು. "ಹೌದ್ರೀ... ಹೌದ್ರೀ ಮೇಡಂ" ಎನ್ನುತ್ತ ಅಲ್ಲೇ ಬಿಸಿಲಲ್ಲಿ ಕುಕ್ಕರಗಾಲಲ್ಲಿ ಕೂತಳು. ಮಂಜೂರಾಗಿತ್ತು. ಸೋಮವಾರ ಇಬ್ಬರೂ ಬಂದು ಸಹಿ ಹಾಕಬೇಕು. ಗೌರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಹೋಗಿ ದೀಪ ಹಚ್ಚಿದಳು.

ಸೋಮವಾರ ಹಾಕಿಕೊಳ್ಳಲೆಂದು ಗಿರಿಜಾ ಭಾನುವಾರ ನನ್ನ ಅಂಗಿಗಳನ್ನು ಇಸ್ತ್ರಿಗೆ ತೆಗೆದಳು. ಸ್ವಲ್ಪ ಹೊತ್ತಿಗೆ ಲಕೋಟೆ ಹಿಡಿದುಕೊಂಡು ಬಂದು ನನ್ನ ಮುಂದೆ ನಿಂತಳು.

"ಅಪ್ಪಾಜಿ, ಇದು ಇನ್ನೂ ಇಲ್ಲೇ ಇದ್ಯಾ?"

"ಕೊಡ್ತೀನಿ ಕಣವ್ವ. ಸಹಿ ಆಗ್ಲಿ."

"ನೀವಿದನ್ನ ಕೊಟ್ಟು ಬರೋವರೆಗೆ ನಾನು ಸಹಿ ಹಾಕಲ್ಲ."

"ಹುಚ್ಚೇನೇ ನಿಂಗೆ? ಬುಧವಾರ ಬಸವ ಜಯಂತಿ. ಅದು ಬಿಟ್ರೆ ಶೇಷಪ್ಪ ಬೇರೆಯವರಿಗೆ ಕೊಟ್ಬಿಡ್ತಾನೆ!"

"ಕೊಡ್ಲಿ." ಆ ಗಿರಣಿ ಅವಳಿಗೆ ಎಷ್ಟು ಬೇಕಿತ್ತೆಂದು ನನಗೆ ಗೊತ್ತು. "ಬಾಷಾ ಮಾವ ನನ್ನ ಮದುವೇಲಿ ಮೂರು ದಿನ ನಮ್ಮನೇಲೇ ಇದ್ರು. ಅವರ ಅಂಗಡಿ ಹೋದ ಹಾಗೇ ನಂದೂ ಹೋಗ್ಲಿ. ಸಮ ಆಗ್ತದೆ."

ಇಸ್ತ್ರಿ ಮಾಡದ ಅಂಗಿಯಲ್ಲೇ ಹೊರಟೆ. ಹನ್ನೊಂದು ಗಂಟೆ ಬಿಸಿಲು, ರಸ್ತೆ ಕಾದಿತ್ತು. ಬಾಷಾನ ಮನೆ ಮುಂದಿನ ಚಪ್ಪಡಿ ಕಲ್ಲಿನ ಮೇಲೆ ಚಪ್ಪಲಿ ಬಿಟ್ಟೆ. ಅವನು ಜಗಲಿಯಲ್ಲಿ ಒಂದು ಆಂಪ್ಲಿಫೈಯರ್ ಬಿಚ್ಚಿಕೊಂಡು ಕೂತಿದ್ದ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ತಲೆ ಎತ್ತಿ ನೋಡಿ, "ಬನ್ನಿ ರುದ್ರಪ್ಪನೋರೆ, ಕೂತ್ಕೊಳ್ಳಿ" ಎಂದ. ನಮ್ಮ ಇಷ್ಟು ವರ್ಷದ ಒಡನಾಟದಲ್ಲಿ ಅವನು ನನ್ನನ್ನು ಒಂದು ದಿನವೂ ಹಾಗೆ ಕರೆದಿರಲಿಲ್ಲ. ಕಪಾಳಕ್ಕೆ ಹೊಡೆದಿದ್ದರೆ ವಾಸಿಯಿತ್ತು.

ಲಕೋಟೆ ಕೊಟ್ಟೆ. ಕೈಯನ್ನು ಲುಂಗಿಗೆ ಒರೆಸಿಕೊಂಡು, ಕನ್ನಡಕ ಸರಿಮಾಡಿಕೊಂಡು, ಒಂದಕ್ಷರ ಬಿಡದೆ ಓದಿದ. ನನ್ನ ಸಾಲದ ಕಾಗದವನ್ನು ಅವನು ಓದಿದ್ದು ಅದೇ ಮೊದಲು.

"ತಾರೀಕು ನೋಡಿದ್ರೆ ಒಂದೂವರೆ ತಿಂಗಳಾಗಿದೆ."

"ಹೌದು."

"ನಿಮ್ಮನೆಯಿಂದ ನಮ್ಮನೆಗೆ ಅಷ್ಟು ದೂರ ಆಗಿದೆ ಅಂತ ಗೊತ್ತಿರ್ಲಿಲ್ಲ."

"ಅವತ್ತು ನಾನು ಮನೇಲೇ ಇದ್ದೆ ಬಾಷಾ" ಎಂದೆ.

"ಗೊತ್ತು."

"ದೇವರ ಕೋಣೇಲಿ..."

"ಗೊತ್ತು ಅಂದ್ನಲ್ಲ. ಮಳೆಗಾಲದಲ್ಲಿ ಚಪ್ಪಲಿ ಮನೇಲಿಟ್ಟು ಯಾವೂರಿಗೆ ಹೋಗ್ತೀರಿ ನೀವು?" ಸ್ಕ್ರೂ ಡ್ರೈವರ್ ಕೆಳಗಿಟ್ಟ. "ನೀವು ಬಂದು ಹೇಳಿದ್ರೂ ಬ್ಯಾಂಕಿನೋರು ನಂಗೆ ಕೊಡ್ತಿರ್ಲಿಲ್ಲ. ಅದು ಅವತ್ತೇ ಗೊತ್ತಿತ್ತು ನಂಗೆ. ಜೊತೆಗೆ ಬರ್ತೀರಾ ಅಂತ ನೋಡ್ಬೇಕಿತ್ತು ಅಷ್ಟೆ."

ನಾನು ತಪ್ಪಾಯಿತು ಎಂದೆ. ಅವನು ಪತ್ರವನ್ನು ಮಡಚಿ ಲಕೋಟೆಗೆ ಹಾಕಿದ. "ಈ ವಯಸ್ಸಲ್ಲಿ ಇದನ್ನ ತಗೊಂಡೋದ್ರೆ ಯಾವ ಬ್ಯಾಂಕಿನೋರು ನಂಗೆ ಸಾಲ ಕೊಡ್ತಾರೆ? ಇರ್ಲಿ. ಹೆಸರು ತೊಳೀತಲ್ಲ." ಒಳಗಿನಿಂದ ಅವನ ಹೆಂಡತಿ ಟೀ ತಂದಿಟ್ಟರು. "ಅವರಿಗೆ ಸಕ್ಕರೆ ಆಗಲ್ಲ, ಬೇರೆ ತಾ" ಎಂದು ವಾಪಸ್ ಕಳಿಸಿದ. ಆಮೇಲೆ ಕೇಳಿದ, "ಗಿರಿಜಾಗೆ ಗಿರಣಿ ಕೊಡಿಸ್ತಿದೀರಂತೆ. ಜಾಮೀನು ಯಾರು?"

"ಮನೆ ಪತ್ರ ಇಡ್ತಿದೀವಿ. ಜಾಮೀನು ಬೇಡ ಅಂದ್ರು."

"ಒಳ್ಳೇದು. ಒಬ್ಬ ಬಚಾವಾದ" ಎಂದು ಮತ್ತೆ ಆಂಪ್ಲಿಫೈಯರಿಗೆ ಬಗ್ಗಿದ. ಇನ್ನು ಮಾತಿಲ್ಲ ಎಂದು ನನಗೆ ಅರ್ಥವಾಯಿತು.

ಟೀ ಕುಡಿದು ಎದ್ದೆ. ಚಪ್ಪಲಿ ನಾನು ಬಿಟ್ಟಲ್ಲೇ ಇತ್ತು, ಸುಡು ಬಿಸಿಲಿನಲ್ಲಿ. ಎರಡು ಮೊಳ ಈಚೆಗೆ ನೆರಳಿತ್ತು. ಯಾರೂ ಸರಿಸಿರಲಿಲ್ಲ. ಯಾಕೆ ಸರಿಸಬೇಕು? ಕಾಲಿಟ್ಟರೆ ಅಂಗಾಲು ಚುರ್ ಎಂದಿತು. ಹಾಗೇ ನಡೆದುಕೊಂಡು ಬಂದೆ.

ಸೋಮವಾರ ಗಿರಿಜಾ ಸಹಿ ಹಾಕಿದಳು. ನಾನು ಹಾಕುವ ಮೊದಲು ಕಾಗದವನ್ನು ಪೂರ್ತಿ ಓದಿದೆ. "ಎಲ್ಲಾರೂ ಹಿಂಗ ಓದಿದ್ರ ನಮ್ಮ ಬ್ಯಾಂಕು ರಾತ್ರಿ ಆದ್ರೂ ಮುಚ್ಚೂದಿಲ್ರೀ ಅಜ್ಜಾರ" ಎಂದು ಮ್ಯಾನೇಜರ್ ನಕ್ಕಳು. ಬಸವ ಜಯಂತಿ ದಿನ ಗಿರಣಿಯ ಬೆಲ್ಟು ತಿರುಗಿತು.

ಈಗ ಪ್ರತಿ ತಿಂಗಳು ಕಂತಿನ ದಿನಕ್ಕೆ ಮೂರು ದಿನ ಮೊದಲೇ ನನ್ನ ನಿದ್ದೆ ಹಾರಿಹೋಗುತ್ತದೆ. ಗಿರಿಜಾ ಕಟ್ಟಿ ಬಂದೆ ಎಂದ ಮೇಲೂ ರಸೀದಿ ತೋರಿಸು ಎನ್ನುತ್ತೇನೆ. ಅವಳಿಗೆ ರೇಗುತ್ತದೆ. ಹಗಲೆಲ್ಲ ಗಿರಣಿಯ ಹೊರಗೆ ಸ್ಟೂಲು ಹಾಕಿಕೊಂಡು ಕೂರುವುದು ನನ್ನ ಕೆಲಸ. ಬಂದವರ ಡಬ್ಬಿಗಳನ್ನು ಸಾಲಾಗಿ ಇಡುತ್ತೇನೆ. ಶುಕ್ರವಾರ ಮಧ್ಯಾಹ್ನ ಬಾಷಾ ನಮಾಜಿಗೆ ಅದೇ ದಾರಿಯಲ್ಲಿ ಹೋಗುತ್ತಾನೆ. ಮೊದಮೊದಲು ಅವನು ತಿರುವಿನಲ್ಲಿ ಕಂಡ ಕೂಡಲೇ ಕಾಲು ತಾನಾಗಿ ಒಳಗೆ ಹೊರಡುತ್ತಿತ್ತು. ಸ್ಟೂಲನ್ನು ಎರಡೂ ಕೈಯಲ್ಲಿ ಹಿಡಿದು ಕೂರುತ್ತಿದ್ದೆ. ಅವನು ನೋಡದೆ ಹೋಗುತ್ತಿದ್ದ. ಹಾಗೆ ಒಂದು ವರ್ಷಕ್ಕೂ ಮೇಲಾಯಿತು.

ಕೊಪ್ಪದ ಮದುವೆ ಮುಗಿಸಿ ಬಂದ ಮಾರನೇ ದಿನ ಶುಕ್ರವಾರ. ಬಾಷಾನ ಕೈಯಲ್ಲಿ ಒಂದು ಡಬ್ಬಿ ಇತ್ತು. ನನ್ನನ್ನು ದಾಟಿಕೊಂಡು ಹೋಗಿ ಬಾಗಿಲಲ್ಲಿ ನಿಂತು, ಗಿರಣಿಯ ಸದ್ದಿಗೂ ಮೀರಿ ಒಳಗೆ ಕೂಗಿದ.

"ಗಿರಿಜಮ್ಮಾ, ಗೋಧಿ ತಂದಿದೀನಿ. ನಿಮ್ಮಪ್ಪ ಮನೇಲಿದಾನಾ, ಇಲ್ವಾ?"

ಗಿರಿಜಾ ಹಿಟ್ಟು ಮೆತ್ತಿದ ಮುಖದಲ್ಲಿ ಹೊರಗೆ ಬಂದು ನನ್ನ ಕಡೆ ನೋಡಿದಳು. ಅವಳು ಬಾಯಿ ತೆರೆಯುವ ಮೊದಲೇ ನಾನು ಎದ್ದು ನಿಂತು ಡಬ್ಬಿಗೆ ಕೈ ನೀಡಿದೆ.

"ಇದೀನಿ ಬಾಷಾ" ಎಂದೆ. "ಇಲ್ಲೇ ಇದೀನಿ."

"ಹಂಗಾದ್ರೆ ಹಿಡ್ಕ ರುದ್ರಣ್ಣ, ನುಣ್ಣಗೆ ಬೀಸ್ಸು" ಎಂದು ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ತಿರುಗಿ ನೋಡದೆ ನಮಾಜಿಗೆ ಹೋದ.